ಬೋರಿನ ಊರಿನ ಫಿಲ್ಟರ್ ನೀರು: ಚಳ್ಳಕೆರೆ ತಾಲ್ಲೂಕಿನ ಒಂದು ಶುದ್ಧ ಕುಡಿಯುವ ನೀರಿನ ಘಟಕದ ವಿಮರ್ಶೆ

ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗ್ರಾಮ ಪಂಚಾಯಿತಿಯ ಉಸ್ತುವಾರಿಯಲ್ಲಿ ನಡೆಯುತ್ತಿರುವ ಶುದ್ಧ ಕುಡಿಯುವ ನೀರಿನ ಘಟಕವನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿಯಾದ ನಾನು ಸಮುದಾಯ ಆರೋಗ್ಯದ ಕ್ಷೇತ್ರಕಾರ್ಯಕ್ಕೆಂದು ಸಹಪಾಠಿಗಳ ಜೊತೆ ಆ ಊರಿಗೆ ಹೋಗುತ್ತಿದ್ದೆ. ಊರಿನ ಆರೋಗ್ಯ ಸಮಸ್ಯೆಯೊಂದನ್ನು ಗುರುತಿಸಿ, ಅದಕ್ಕೆ ಕಾರ್ಯಯೋಜನೆ ರೂಪಿಸಿ, ಅದು ಫಲ ಕೊಟ್ಟಿತೇ ಇಲ್ಲವೇ ಎಂಬುದನ್ನು ಮೌಲ್ಯಮಾಪನ ಮಾಡುವುದು ನಮ್ಮ ಪಠ್ಯದ ಭಾಗವಾಗಿದ್ದು, ನಮ್ಮ ತಂಡ ಆರಿಸಿಕೊಂಡದ್ದು ಫ್ಲೋರೋಸಿಸ್ ಸಮಸ್ಯೆಯನ್ನು, ಅಂದರೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ಕಾಯಿಲೆಯನ್ನು. ಹಾಗಾಗಿ ಈ ಘಟಕವನ್ನು ನೀರು ತುಂಬಿಸಿಕೊಂಡು ಹೋಗುವ ಗ್ರಾಹಕಿಯ ಕಣ್ಣಿಗಿಂತ ಹೆಚ್ಚಾಗಿ ಆರೋಗ್ಯ ಕಾರ್ಯಕರ್ತೆಯ ಕಣ್ಣಿನಿಂದ ನೋಡಬೇಕಾಯಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ನೀರು ಚೆನ್ನಾಗಿದೆ, ಬೆಲೆ ಒಂದು ಕ್ಯಾನಿಗೆ ಹೆಚ್ಚೇನಲ್ಲ, ನೋಡಿಕೊಳ್ಳುವ ನೀರುಗಂಟಿ ಶ್ರದ್ಧೆಯ ಮನುಷ್ಯ. ಆದರೂ ಆರೋಗ್ಯ ಸೇವೆಯೆಂದು ಅಳೆದರೆ ಈ ಘಟಕ ಅರ್ಧ ಕೆಲಸವನ್ನಷ್ಟೇ ಮಾಡುತ್ತಿದೆ, ಏಕೆಂದರೆ ಅದರ ನೀರು ಕುಡಿಯುವ ಲೋಟದವರೆಗೆ ಬಂದು ಅಲ್ಲಿಯೇ ನಿಲ್ಲುತ್ತದೆ, ಒಲೆಯ ಮೇಲಿನ ಪಾತ್ರೆಯನ್ನು ತಲುಪುವುದಿಲ್ಲ.

ಹೊರಗಿನವರಿಗೆ ಈ ಮಾತು ಸಣ್ಣದಾಗಿ ಕಾಣಬಹುದು. ಚಿತ್ರದುರ್ಗ ಜಿಲ್ಲೆಯ ಪೂರ್ವ ಭಾಗ, ಪಕ್ಕದ ದಾವಣಗೆರೆ ಜಿಲ್ಲೆಯ ಜಗಳೂರು ಸೀಮೆ, ಇವೆಲ್ಲ ಮಳೆ ಕಡಿಮೆಯಾದ, ಕೊಳವೆ ಬಾವಿಯನ್ನೇ ನಂಬಿದ ನೆಲ. ಇಲ್ಲಿನ ಗಟ್ಟಿ ಬಂಡೆಗಳ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಬಂಡೆಯ ಸೀಳುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ನೀರಿಗೆ ಹೆಚ್ಚು ಬಿಡುತ್ತದೆ. ಕೆರೆ ಬತ್ತಿ, ಬೋರು ಆಳಕ್ಕೆ ಹೋದಂತೆಲ್ಲ ಸಮಸ್ಯೆ ಬಿಗಡಾಯಿಸುವುದಕ್ಕೆ ಕಾರಣ ಇದೇ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಸ್ವೀಕಾರಾರ್ಹವೆಂದೂ, ಬೇರೆ ಜಲಮೂಲವೇ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದೆಂದೂ ನಿಗದಿ ಮಾಡಿದೆ. ಅದಕ್ಕೂ ಮೀರಿದ ನೀರನ್ನು ವರ್ಷಗಟ್ಟಲೆ ಬಳಸಿದರೆ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಪಟ್ಟೆ, ಮುಂದೆ ಹಳದಿ ಮತ್ತು ಕಂದು ಕಲೆ ಮೂಡುತ್ತವೆ. ದೊಡ್ಡವರಲ್ಲಿ ಸೊಂಟ, ಮಂಡಿ, ಕತ್ತು ಬಿಗಿಯುತ್ತವೆ. ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು, ಈ ಮೂರು ಸರಳ ಪರೀಕ್ಷೆಗಳನ್ನು ನಾವು ಮನೆಮನೆಯ ಜಗಲಿಯ ಮೇಲೆ ಮಾಡಿಸಿದಾಗ ನಡುವಯಸ್ಸಿನವರೇ ಅರ್ಧದಲ್ಲಿ ನಿಂತುಬಿಡುವುದನ್ನು ನೋಡಿದೆವು. ಮೈಕೈ ನೋವಿಗೆ ಬೇರೆ ಕಾರಣಗಳೂ ಇರುತ್ತವೆ, ಹಾಗಾಗಿ ಅಂಥವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ ಕಳುಹಿಸಿದೆವೇ ಹೊರತು ನಾವೇ ತೀರ್ಮಾನ ಕೊಡಲಿಲ್ಲ. ಗಟ್ಟಿಯಾದ ಫ್ಲೋರೋಸಿಸ್ಸಿಗೆ ಮದ್ದಿಲ್ಲ. ಇರುವುದು ತಡೆಯೊಂದೇ, ಮತ್ತು ಆ ತಡೆ ಈ ಘಟಕದ ನಲ್ಲಿಯಲ್ಲಿದೆ.

ಘಟಕದ ವಿಷಯಕ್ಕೆ ಬರುತ್ತೇನೆ. ತಗಡಿನ ಮಾಡಿನ ಸಣ್ಣ ಕೊಠಡಿ, ಒಳಗೆ ಮರಳಿನ ಮತ್ತು ಇದ್ದಿಲಿನ ಎರಡು ಸಿಲಿಂಡರು, ಅವುಗಳ ಪಕ್ಕದಲ್ಲಿ ಆರ್.ಒ. (ಒತ್ತಡ ಹಾಕಿ ನೀರನ್ನು ಹಾಯಿಸಿ ಲವಣ ತೆಗೆಯುವ) ಪೊರೆಗಳ ಉದ್ದನೆಯ ಕೊಳವೆಗಳು, ಹೊರಗೋಡೆಯಲ್ಲಿ ನಾಣ್ಯ ಹಾಕುವ ಕಿಂಡಿ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ನೀರು ಬರುತ್ತದೆ. ನಾಣ್ಯ ಒಳಗೆ ಬಿದ್ದ ಸದ್ದು ಕೇಳಿ ಒಂದೆರಡು ಕ್ಷಣ ತಡೆದು ನೀರು ಜೋರಾಗಿ ಸುರಿಯುತ್ತದೆ, ಕ್ಯಾನಿನ ಕುತ್ತಿಗೆಗೆ ಬರುವ ಹೊತ್ತಿಗೆ ತಾನೇ ನಿಲ್ಲುತ್ತದೆ. ಅಳತೆಯಲ್ಲಿ ಮೋಸ ಕಾಣಲಿಲ್ಲ. ನೀರು ಸಪ್ಪೆ, ನಾಲಗೆಗೆ ಹಗುರ. ಸವಳು ನೀರಿಗೆ ಒಗ್ಗಿದ ಕೆಲವು ಹಿರಿಯರು ಇದರಲ್ಲಿ ರುಚಿಯೇ ಇಲ್ಲವೆಂದು ಇಂದಿಗೂ ಬೋರ್ ನೀರನ್ನೇ ಕುಡಿಯುತ್ತಾರೆ. ಬೆಳಿಗ್ಗೆ ಮತ್ತು ಸಂಜೆ ಸಾಲು ಇರುತ್ತದೆ, ಅದರಲ್ಲಿ ಸೈಕಲ್ಲು, ಟಿವಿಎಸ್ ಗಾಡಿ ತಂದವರೇ ಹೆಚ್ಚು. ತಲೆಯ ಮೇಲೋ ಸೊಂಟದ ಮೇಲೋ ಹೊತ್ತೊಯ್ಯುವ ಹೆಂಗಸರು ಊರಿನ ಹತ್ತಿರದ ಓಣಿಗಳವರು ಮಾತ್ರ. ಊರಾಚೆಯ ಹಟ್ಟಿಯಿಂದ ಗಾಡಿಯಿಲ್ಲದ ಮನೆಯವರು ಬರುವುದು ಅಪರೂಪ.

ಒಂದು ಕೊರತೆ ಮೊದಲ ನೋಟಕ್ಕೇ ಕಂಡಿತು. ನೀರು ಬೀಳುವ ಕೊಳವೆಯ ತುದಿಗೆ ಪಾಚಿ ಹಿಡಿದಿತ್ತು. ಹಲವರ ಕ್ಯಾನಿಗೆ ಮುಚ್ಚಳ ಕಳೆದುಹೋಗಿ ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಕಟ್ಟಿದ್ದರು. ಆರ್.ಒ. ನೀರಿನಲ್ಲಿ ಕ್ಲೋರಿನ್ ಉಳಿಯುವುದಿಲ್ಲವಾದ್ದರಿಂದ ಯಂತ್ರದಿಂದ ಶುದ್ಧವಾಗಿಯೇ ಹೊರಬಂದ ನೀರು ಕೊಳಕು ಕ್ಯಾನಿಗೆ ಬಿದ್ದ ಮೇಲೆ ಅದನ್ನು ಕಾಯುವವರು ಯಾರೂ ಇರುವುದಿಲ್ಲ. ನಾವು ಎಚ್‌2ಎಸ್ ಬಾಟಲಿಗಳಲ್ಲಿ ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಕಡೆ ಇಟ್ಟೆವು. ಮಲದ ಸೋಂಕು ಇದ್ದರೆ ಒಂದೆರಡು ದಿನಗಳೊಳಗೆ ಆ ನೀರು ಕಪ್ಪಾಗುತ್ತದೆ. ನಲ್ಲಿಯಿಂದ ನೇರವಾಗಿ ಹಿಡಿದ ಬಾಟಲಿ ತಿಳಿಯಾಗಿಯೇ ಉಳಿಯಿತು, ಮನೆಯ ಕ್ಯಾನುಗಳಿಂದ ಹಿಡಿದವುಗಳಲ್ಲಿ ಕೆಲವು ಇದ್ದಿಲಿನಂತೆ ಕಪ್ಪಾದವು. ಆ ಬಾಟಲಿಗಳನ್ನು ಅಂಗನವಾಡಿಯ ಕಿಟಕಿಯಲ್ಲಿ ಸಾಲಾಗಿ ಇಟ್ಟು ತಾಯಂದಿರಿಗೆ ತೋರಿಸಿದ್ದು ನಮ್ಮ ಯಾವ ಭಿತ್ತಿಪತ್ರಕ್ಕಿಂತಲೂ ಹೆಚ್ಚು ಕೆಲಸ ಮಾಡಿತು. ಮರುದಿನವೇ ಹಗ್ಗದ ತುಂಡು, ಹುಣಸೆಹಣ್ಣು, ಮರಳು ಹಾಕಿ ಕ್ಯಾನು ಕುಲುಕಿ ತೊಳೆಯುವ ಸದ್ದು ಓಣಿಯಲ್ಲಿ ಕೇಳಿಬಂತು.

ಫ್ಲೋರೈಡ್ ಪರೀಕ್ಷೆಗೆ ಜಲ ಜೀವನ ಮಿಷನ್ನಿನ ಕ್ಷೇತ್ರ ಪರೀಕ್ಷಾ ಕಿಟ್ ಬಳಸಿದೆವು. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಈ ಕಿಟ್ ಬಳಸಲು ತರಬೇತಿ ಕೊಡಬೇಕೆಂಬುದು 2019ರಲ್ಲಿ ಆರಂಭವಾದ ಆ ಯೋಜನೆಯ ವ್ಯವಸ್ಥೆ. ಆ ಊರಿನಲ್ಲಿ ತರಬೇತಿ ಪಡೆದ ಸ್ವಸಹಾಯ ಸಂಘದ ಅಕ್ಕನೊಬ್ಬರು ನಮಗಿಂತ ಚುರುಕಾಗಿ ಹನಿ ಎಣಿಸಿ ಹಾಕಿದರು. ಫ್ಲೋರೈಡ್ ಕಡಿಮೆಯಿದ್ದರೆ ಗುಲಾಬಿ, ಹೆಚ್ಚಾದಂತೆ ಹಳದಿಯತ್ತ ತಿರುಗುವ ಬಣ್ಣವನ್ನು ಕಾರ್ಡಿನ ಪಟ್ಟಿಗೆ ಹೋಲಿಸಬೇಕು. ಬೋರ್ ನೀರು 1.5ರ ಪಟ್ಟಿಯನ್ನು ದಾಟಿ ಹಳದಿಯಾಯಿತು, ಘಟಕದ ನೀರು ಗುಲಾಬಿಯಾಗಿಯೇ ನಿಂತಿತು. ಕಿಟ್ಟಿನದು ಕಣ್ಣಂದಾಜಿನ ಅಳತೆ. ಯೋಜನೆ ಹಾಕಲು ಅದು ಸಾಕು, ವರದಿಯಲ್ಲಿ ಅಂಕಿ ಬರೆಯಲು ಪ್ರಯೋಗಾಲಯದ ಫಲಿತಾಂಶವೇ ಬೇಕು. ಘಟಕದ ಗೋಡೆಯ ಮೇಲೆ ಟಿ.ಡಿ.ಎಸ್. ಅಂಕಿ ತೋರಿಸುವ ಸಣ್ಣ ಪರದೆಯಿದ್ದು, ಊರಿನವರು ಅದನ್ನೇ ಶುದ್ಧತೆಯ ಪ್ರಮಾಣಪತ್ರವೆಂದು ನಂಬಿದ್ದಾರೆ. ಟಿ.ಡಿ.ಎಸ್. ನೀರಿನಲ್ಲಿ ಕರಗಿದ ಒಟ್ಟು ಲವಣಗಳನ್ನು ಹೇಳುತ್ತದೆ, ಫ್ಲೋರೈಡ್ ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ರುಚಿಗೆಂದು ಕಚ್ಚಾ ನೀರನ್ನು ಬೆರೆಸುವ ಕವಾಟ ಹಲವು ಘಟಕಗಳಲ್ಲಿ ಇರುತ್ತದೆ. ಅದನ್ನು ಹೆಚ್ಚು ತೆರೆದರೆ ನೀರು ರುಚಿಯಾಗುತ್ತದೆ, ಫ್ಲೋರೈಡೂ ಹಿಂದಿರುಗುತ್ತದೆ. ಘಟಕದ ಬಳಿ ಫ್ಲೋರೈಡ್ ಫಲಿತಾಂಶವನ್ನು ದಿನಾಂಕದೊಂದಿಗೆ ಬರೆಯುವ ಫಲಕ ಇಲ್ಲದಿರುವುದು ನನ್ನ ದೃಷ್ಟಿಯಲ್ಲಿ ಈ ಸೇವೆಯ ದೊಡ್ಡ ಕೊರತೆಗಳಲ್ಲೊಂದು.

ಆರೋಗ್ಯ ಸೇವೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಪರಿಣಾಮ ಎಂಬ ಮೂರು ಹಂತಗಳಲ್ಲಿ ನೋಡಬೇಕೆಂದು ವೈದ್ಯ ಅವೆಡಿಸ್ ಡೊನಬೆಡಿಯನ್ 1966ರಲ್ಲಿ ಬರೆದದ್ದನ್ನು ನಮಗೆ ತರಗತಿಯಲ್ಲಿ ಕಲಿಸುತ್ತಾರೆ. ಈ ಘಟಕದಲ್ಲಿ ರಚನೆಗೆ ಒಳ್ಳೆಯ ಅಂಕ ಕೊಡಬಹುದು. ಕಟ್ಟಡ, ಯಂತ್ರ, ವಿದ್ಯುತ್ ಸಂಪರ್ಕ, ನೀರುಗಂಟಿ ಎಲ್ಲವೂ ಇವೆ. ಪ್ರಕ್ರಿಯೆಗೆ ಮಧ್ಯಮ ಅಂಕ, ಏಕೆಂದರೆ ಪೊರೆ ಕೆಟ್ಟರೆ ದುರಸ್ತಿಯವರು ಬರುವವರೆಗೆ ಘಟಕ ಬಾಗಿಲು ಹಾಕಿಕೊಂಡಿರುತ್ತದೆ ಮತ್ತು ಆ ದಿನಗಳಲ್ಲಿ ಊರು ಯಾವ ಗೊಣಗಾಟವೂ ಇಲ್ಲದೆ ಬೋರ್ ನೀರಿಗೆ ಮರಳುತ್ತದೆ. ಪರಿಣಾಮವನ್ನು ಅಳೆಯುವ ಪ್ರಶ್ನೆ ಬಂದಾಗ ನಮ್ಮ ತಂಡದಲ್ಲಿ ದೀರ್ಘ ಚರ್ಚೆ ನಡೆಯಿತು. ಶಾಲೆಯ ಮಕ್ಕಳ ಹಲ್ಲು ನೋಡಿ, ಹಲ್ಲಿನ ಕಲೆಯ ತೀವ್ರತೆಯನ್ನು ಅಳೆಯುವ ಡೀನ್ ಸೂಚ್ಯಂಕದ ಪ್ರಕಾರ ದರ್ಜೆ ಹಾಕಿ, ಕೆಲವು ತಿಂಗಳ ನಂತರ ಮತ್ತೆ ನೋಡಿದರೆ ಸಾಲದೇ ಎಂದು ಕೆಲವರು ಕೇಳಿದರು. ಹಲ್ಲಿನ ಫ್ಲೋರೋಸಿಸ್ ಉಂಟಾಗುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗ, ಮುಖ್ಯವಾಗಿ ಹುಟ್ಟಿದಂದಿನಿಂದ ಎಂಟನೆಯ ವಯಸ್ಸಿನವರೆಗೆ. ಹೊರಗೆ ಬಂದ ಹಲ್ಲಿನ ಕಲೆ ನೀರು ಬದಲಾದರೆ ಹೋಗುವುದಿಲ್ಲ. ಹಾಗಾಗಿ ಡೀನ್ ದರ್ಜೆ ಸಮಸ್ಯೆಯ ಗಾತ್ರವನ್ನು ತೋರಿಸಲು ಯೋಗ್ಯ, ನಮ್ಮಂಥ ವಿದ್ಯಾರ್ಥಿಗಳ ಕಿರು ಅವಧಿಯ ಕಾರ್ಯಕ್ರಮದ ಫಲವನ್ನು ಅಳೆಯಲು ಯೋಗ್ಯವಲ್ಲ. ಹಲ್ಲನ್ನೇ ಅಳತೆಗೋಲಾಗಿಸಿದ್ದರೆ ಎಷ್ಟೇ ಒಳ್ಳೆಯ ಕೆಲಸ ಮಾಡಿದ್ದರೂ ಫಲ ಶೂನ್ಯವೆಂದೇ ಬರೆಯಬೇಕಾಗುತ್ತಿತ್ತು.

ಅಳೆಯಬೇಕಾದದ್ದು ಬೇರೆಯದೇ ಎಂಬುದು ಹೊಳೆದದ್ದು ಒಂದು ಅಡುಗೆಮನೆಯಲ್ಲಿ. ಕುಟುಂಬ ಕಡತ ತುಂಬುವಾಗ “ಕುಡಿಯುವ ನೀರು ಎಲ್ಲಿಂದ?” ಎಂಬ ಪ್ರಶ್ನೆಗೆ ಮನೆಯ ಯಜಮಾನಿ ಫಿಲ್ಟರ್ ನೀರೆಂದು ಹೇಳಿದ್ದನ್ನು ಬರೆದುಕೊಂಡೆ. ಅಷ್ಟರಲ್ಲಿ ಒಳಗಿದ್ದ ಅಜ್ಜಿ, “ಕುಡಿಯಾಕಷ್ಟೇ ತಾಯಿ ಅದು. ಅಡಿಗಿಗೆಲ್ಲಾ ಬೋರ್ ನೀರೇ. ದುಡ್ಡು ಕೊಟ್ಟು ತಂದಿದ್ನ ಬೇಯಿಸಾಕೆ ಹಾಕ್ತಾರೇನು?” ಎಂದರು. ನಮ್ಮ ನಮೂನೆಯಲ್ಲಿ ಅಡುಗೆ ನೀರಿಗೆ ಪ್ರತ್ಯೇಕ ಕಾಲಮ್ಮೇ ಇರಲಿಲ್ಲ. ಅಂದು ಸಂಜೆಯೇ ಅದನ್ನು ಸೇರಿಸಿದೆವು. ಸೇರಿಸಿದ ಮೇಲೆ ಕಂಡ ಚಿತ್ರ ಊರಿಡೀ ಹೆಚ್ಚುಕಡಿಮೆ ಒಂದೇ ಆಗಿತ್ತು. ಕುಡಿಯಲು ಫಿಲ್ಟರ್ ನೀರು, ಮುದ್ದೆ, ಅನ್ನ, ಸಾರು, ಚಹಾ ಎಲ್ಲದಕ್ಕೂ ಬೋರ್ ನೀರು. ನೀರು ಕುದಿಸಿದರೆ ಕೆಟ್ಟದ್ದೆಲ್ಲ ಹೋಗುತ್ತದೆ ಎಂಬ ನಂಬಿಕೆ ಸೂಕ್ಷ್ಮಜೀವಿಗಳ ಮಟ್ಟಿಗೆ ಸರಿ, ಆದರೆ ಫ್ಲೋರೈಡ್ ಕುದಿದು ಹೋಗುವ ವಸ್ತುವಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಎಸರಿನ ನೀರನ್ನೆಲ್ಲ ಹಿಟ್ಟು ಹೀರಿಕೊಳ್ಳುವ ಮುದ್ದೆಯಲ್ಲಿ, ಗಂಜಿ ಬಸಿಯದೆ ಮಾಡುವ ಅನ್ನದಲ್ಲಿ ಅದರ ಬಹುಪಾಲು ತಟ್ಟೆಗೇ ಬರುತ್ತದೆ.

ಇಲ್ಲಿ ಲೆಕ್ಕವೊಂದನ್ನು ಓದುಗರ ಮುಂದಿಡಬೇಕು. ಫ್ಲೋರೈಡ್ ಬಾಧಿತ ಜನವಸತಿಗಳಲ್ಲಿ ಇಂಥ ಸಮುದಾಯ ಶುದ್ಧೀಕರಣ ಘಟಕಗಳಿಂದ ಕುಡಿಯಲು ಮತ್ತು ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 8ರಿಂದ 10 ಲೀಟರ್ ಒದಗಿಸಬೇಕೆಂಬುದು ಜಲ ಜೀವನ ಮಿಷನ್ನಿನ ಮಾರ್ಗಸೂಚಿ. ಐದು ಜನರ ಸಂಸಾರಕ್ಕೆ 40 ಲೀಟರ್ ಎಂದರೆ ದಿನಕ್ಕೆ ಎರಡು ಕ್ಯಾನ್, ಹತ್ತು ರೂಪಾಯಿ, ತಿಂಗಳಿಗೆ 300 ರೂಪಾಯಿ. ಒಂದು ಕ್ಯಾನಿಗೆ ಐದು ರೂಪಾಯಿ ದುಬಾರಿಯಲ್ಲ ಎಂದು ಮೇಲೆ ಹೇಳಿದೆನಲ್ಲ, ಕೂಲಿ ಇದ್ದ ದಿನ ಉಂಡು ಇಲ್ಲದ ದಿನ ತಡೆಯುವ ಮನೆಗೆ ತಿಂಗಳಿಗೆ 300 ರೂಪಾಯಿ ಬೇರೆಯದೇ ಮಾತು. ಮನೆಗಳು ಒಂದೇ ಕ್ಯಾನಿಗೆ ನಿಲ್ಲುವುದು ಅಜ್ಞಾನದಿಂದ ಮಾತ್ರವಲ್ಲ. ಜಾಗೃತಿ ಮೂಡಿಸಿದರೆ ಸಾಕು, ಜನ ಬದಲಾಗುತ್ತಾರೆ ಎಂಬ ನಂಬಿಕೆಯಲ್ಲಿ ಯೋಜನೆ ಹಾಕುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ದಾರಿಯ ದೂರವೂ ಇದರೊಂದಿಗೆ ಸೇರುತ್ತದೆ. ಎರಡನೆಯ ಕ್ಯಾನ್ ಎಂದರೆ ಮತ್ತೊಂದು ಸಲ ನಡೆದು 20 ಕಿಲೋ ಹೊರುವುದು, ಮತ್ತು ಅದನ್ನು ಹೊರುವವಳು ಹೆಚ್ಚಿನ ಮನೆಗಳಲ್ಲಿ ಸೊಂಟ ನೋವಿರುವ ಹೆಂಗಸೇ.

ಆದ್ದರಿಂದ ನಮ್ಮ ಉದ್ದೇಶವನ್ನು ಕಿರಿದಾಗಿ, ಅಳೆಯಲು ಬರುವಂತೆ ಬರೆದುಕೊಂಡೆವು: ಎಂಟು ವರ್ಷದೊಳಗಿನ ಮಕ್ಕಳು ಅಥವಾ ಗರ್ಭಿಣಿಯರು ಇರುವ ಮನೆಗಳಲ್ಲಿ ಕನಿಷ್ಠ ಅರ್ಧದಷ್ಟು ಮೂರು ತಿಂಗಳೊಳಗೆ ಅಡುಗೆಗೂ ಘಟಕದ ನೀರನ್ನು ಬಳಸುವಂತಾಗಬೇಕು. ಇಡೀ ಊರನ್ನು ಗುರಿಯಾಗಿಸಿದ್ದರೆ ಕಾಗದದ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ಆದರೆ ಹಲ್ಲು ರೂಪುಗೊಳ್ಳುವ ವಯಸ್ಸು ಮೀರಿದರೆ ಮತ್ತೆ ಬರುವುದಿಲ್ಲವಾದ್ದರಿಂದ ಆ ಮಕ್ಕಳಿಂದಲೇ ಆರಂಭಿಸುವುದು ನ್ಯಾಯವೆನಿಸಿತು.

ಮನವೊಲಿಸಲು ನೆರವಾದದ್ದು ತೊಗರಿಬೇಳೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೇಳೆಯ ಕೋಶಗಳನ್ನು ಬಿಗಿಯಾಗಿ ಹಿಡಿಯುವುದರಿಂದ ಬೋರ್ ನೀರಿನಲ್ಲಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ನಿಲ್ಲುತ್ತದೆ. ಆಶಾ ಕಾರ್ಯಕರ್ತೆಯ ಮನೆಯಲ್ಲಿ ಒಂದೇ ಅಳತೆಯ ಬೇಳೆಯನ್ನು ಎರಡು ಪಾತ್ರೆಗಳಲ್ಲಿ, ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಘಟಕದ ನೀರು ಹಾಕಿ ಒಟ್ಟಿಗೆ ಬೇಯಿಸಿದೆವು. ಫಿಲ್ಟರ್ ನೀರಿನ ಬೇಳೆ ಸೌಟಿನ ಹಿಂಬದಿಗೆ ಸುಲಭವಾಗಿ ಮಸೆದು ಬೆಣ್ಣೆಯಂತಾದಾಗ ಇನ್ನೊಂದು ಪಾತ್ರೆಯ ಬೇಳೆ ಬೆರಳಿಗೆ ಇನ್ನೂ ಗಟ್ಟಿಯಾಗಿ ಸಿಗುತ್ತಿತ್ತು. ಸುತ್ತ ಕುಳಿತಿದ್ದ ಹೆಂಗಸರು ಗ್ಯಾಸ್ ಎಷ್ಟು ಉಳಿಯುತ್ತದೆ ಎಂದು ತಾವೇ ಮಾತಿಗೆ ತೊಡಗಿದರು. ಮುಂದೆಂದೋ ಬರಬಹುದಾದ ಸೊಂಟದ ಬಿಗಿತದ ಭಯಕ್ಕಿಂತ ಇಂದಿನ ಸಾರಿನ ಹದ ಮನಸ್ಸಿಗೆ ಬೇಗ ನಾಟುತ್ತದೆ. ಘಟಕದ ನೀರಿಗೆ ನಾನು ಕೊಡುವ ಅತಿ ದೊಡ್ಡ ಪ್ರಶಂಸೆಯೂ ಇದೇ, ಅದರಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ. ಆರ್.ಒ. ಫ್ಲೋರೈಡಿನ ಜೊತೆಗೆ ಕ್ಯಾಲ್ಸಿಯಮ್ಮನ್ನೂ ತೆಗೆಯುವುದರಿಂದ ರಾಗಿ, ಹಾಲು, ನುಗ್ಗೆಸೊಪ್ಪು ಬಿಡಬಾರದೆಂದೂ ಹೇಳಿದೆವು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದವರಿಗೆ ಫ್ಲೋರೈಡಿನ ಹಾನಿ ಹೆಚ್ಚು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಮುದ್ದೆ ಉಣ್ಣುವ ಈ ಸೀಮೆಯವರು ಆ ವಿಷಯದಲ್ಲಿ ಹೊಸತೇನನ್ನೂ ಕಲಿಯಬೇಕಿಲ್ಲ, ಮುದ್ದೆಯನ್ನು ಒಳ್ಳೆಯ ನೀರಿನಲ್ಲಿ ಮಾಡಿದರೆ ಸಾಕು.

ಮೌಲ್ಯಮಾಪನದ ವಿಧಾನದ ಬಗ್ಗೆ ನರ್ಸಿಂಗ್ ಓದುವ ಗೆಳತಿಯರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸಮವಸ್ತ್ರ ಹಾಕಿಕೊಂಡು ಹೋಗಿ “ಅಡುಗೆಗೆ ಯಾವ ನೀರು ಬಳಸುತ್ತೀರಿ?” ಎಂದು ಕೇಳಿದರೆ ಸಿಸ್ಟರಿಗೆ ಬೇಸರವಾಗದಂಥ ಉತ್ತರವೇ ಸಿಗುತ್ತದೆ. ಆದ್ದರಿಂದ ಮನೆಯವರ ಒಪ್ಪಿಗೆ ಪಡೆದು ಅಡುಗೆಯ ಕೊಡದಲ್ಲಿ ಟಿ.ಡಿ.ಎಸ್. ಮೀಟರನ್ನು ಅದ್ದಿ ನೋಡುವ ಕ್ರಮವನ್ನು ಇಟ್ಟುಕೊಂಡೆವು. ಅದು ಫ್ಲೋರೈಡನ್ನು ಅಳೆಯುವುದಿಲ್ಲ ನಿಜ, ಆದರೆ ಇಲ್ಲಿನ ಬೋರ್ ನೀರಿಗೂ ಘಟಕದ ನೀರಿಗೂ ಅಂಕಿಯಲ್ಲಿ ಅಜಗಜಾಂತರ ಇರುವುದರಿಂದ ಕೊಡದಲ್ಲಿರುವುದು ಯಾವ ನೀರೆಂಬುದು ಕೂಡಲೇ ತಿಳಿಯುತ್ತದೆ. ಕೇಳಿ ಬರೆದುಕೊಂಡ ಉತ್ತರ ಮತ್ತು ಅದ್ದಿ ನೋಡಿದ ಅಂಕಿ ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ದಾಖಲಿಸಿದೆವು, ಎರಡರ ನಡುವಿನ ಅಂತರವೇ ಒಂದು ಮಾಹಿತಿ. ಮಳೆಗಾಲದಲ್ಲಿ ಜನ ಸಹಜವಾಗಿಯೇ ಕಡಿಮೆ ನೀರು ಕುಡಿಯುವುದರಿಂದ ಕ್ಯಾನಿನ ನೀರು ಅಡುಗೆಗೂ ಮಿಗಬಹುದು, ಅದನ್ನು ನಮ್ಮ ಕಾರ್ಯಕ್ರಮದ ಫಲವೆಂದು ತಿಳಿಯಬಾರದು. ಅದಕ್ಕಾಗಿ ಅದೇ ಬಗೆಯ ಘಟಕವಿರುವ, ನಾವು ಇನ್ನೂ ಕಾರ್ಯಕ್ರಮ ನಡೆಸದ ಪಕ್ಕದ ಊರೊಂದರಲ್ಲಿಯೂ ಮೊದಲು ಮತ್ತು ನಂತರದ ಅಳತೆ ತೆಗೆದುಕೊಂಡೆವು. ಅಳತೆ ಮುಗಿದ ಮೇಲೆ ಆ ಊರಿನಲ್ಲಿಯೂ ಬೇಳೆ ಬೇಯಿಸಿ ತೋರಿಸಿ ಬಂದೆವು.

ಫಲ ನಮ್ಮ ಗುರಿಯ ಹತ್ತಿರಕ್ಕೆ ಬಂತು, ಪೂರ್ತಿ ಮುಟ್ಟಲಿಲ್ಲ. ಗಾಡಿಯಿರುವ, ಘಟಕಕ್ಕೆ ಹತ್ತಿರವಿರುವ ಮನೆಗಳು ಬೇಗ ಬದಲಾದವು. ಹಟ್ಟಿಯ ಮನೆಗಳಲ್ಲಿ ಬದಲಾವಣೆ ಕಾಣಲೇ ಇಲ್ಲವೆನ್ನಬಹುದು. ಒಟ್ಟು ಸರಾಸರಿಯನ್ನಷ್ಟೇ ಬರೆದಿದ್ದರೆ ವರದಿ ಚೆಂದವಾಗಿರುತ್ತಿತ್ತು ಮತ್ತು ಹಟ್ಟಿಯ ಮಕ್ಕಳು ಅದರಲ್ಲಿ ಮರೆಯಾಗುತ್ತಿದ್ದರು. ಓಣಿವಾರು ಅಂಕಿಯನ್ನು ಬಿಡಿಸಿ ಇಟ್ಟದ್ದರಿಂದ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಸಭೆಯಲ್ಲಿ ಚರ್ಚೆ ಬೇರೆ ದಿಕ್ಕಿಗೆ ಹೊರಳಿತು. ಹಟ್ಟಿಗೆ ವಾರದಲ್ಲಿ ಕೆಲವು ದಿನವಾದರೂ ಟ್ಯಾಂಕರಿನಲ್ಲಿ ಘಟಕದ ನೀರು ಕಳುಹಿಸಬಹುದೇ ಎಂಬ ಪ್ರಶ್ನೆಯನ್ನು ಅಲ್ಲಿನ ಸದಸ್ಯೆಯೊಬ್ಬರು ಎತ್ತಿದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಬೇಡಿಕೆ ಅಂಗನವಾಡಿ ಮತ್ತು ಶಾಲೆಯ ಅಡುಗೆಮನೆಗೆ ಘಟಕದ ನೀರನ್ನು ಉಚಿತವಾಗಿ ಕೊಡುವುದು. ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ ಮತ್ತು ಬಾಣಂತಿಯರು ಅಂಗನವಾಡಿಯಲ್ಲಿಯೇ ಊಟ ಮಾಡುವಂತೆ 2017ರಿಂದ ವ್ಯವಸ್ಥೆಯಾಗಿದೆ, ಮೂರರಿಂದ ಆರು ವರ್ಷದ ಮಕ್ಕಳ ಊಟವೂ ಅಲ್ಲಿಯೇ. ಅಕ್ಷರ ದಾಸೋಹದ ಸಾಂಬಾರು ಮತ್ತು ಕ್ಷೀರಭಾಗ್ಯದ ಹಾಲಿನ ಪುಡಿ ಕಲಸುವ ನೀರು ಶಾಲೆಯ ಬೋರಿನದು. ನಮ್ಮ ಗುರಿಗುಂಪಿನಲ್ಲಿರುವ ಹೆಚ್ಚಿನವರು ದಿನಕ್ಕೊಮ್ಮೆ ಈ ಎರಡು ಒಲೆಗಳಿಂದ ಉಣ್ಣುತ್ತಾರೆ. ಸಾವಿರ ಮಾತಿನ ಆರೋಗ್ಯ ಶಿಕ್ಷಣ ಮಾಡಲಾಗದ್ದನ್ನು ಪಂಚಾಯಿತಿಯ ಒಂದು ಠರಾವು ಮಾಡಬಲ್ಲದು, ಖರ್ಚು ದಿನಕ್ಕೆ ಕೆಲವೇ ಕ್ಯಾನು ನೀರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಮನವಿ ಬರೆದು, ಪರೀಕ್ಷಾ ಫಲಿತಾಂಶದ ಪ್ರತಿ ಸೇರಿಸಿ ಕೊಟ್ಟಿದ್ದೇವೆ. ಅಂಗನವಾಡಿಗೆ ನೀರು ಕೊಡಲು ಆರಂಭವಾಗಿದೆ, ಶಾಲೆಗೆ ಇನ್ನೂ ಆಗಿಲ್ಲ.

ಇನ್ನೊಂದು ವಿಷಯವನ್ನು ಬಿಡುವಂತಿಲ್ಲ. ಯಂತ್ರದೊಳಗೆ ಹೋದ ನೀರಿನಲ್ಲಿ ಸುಮಾರು ಅರ್ಧ ಭಾಗ ತ್ಯಾಜ್ಯ ನೀರಾಗಿ, ಲವಣ ಮತ್ತು ಫ್ಲೋರೈಡನ್ನು ಹೊತ್ತು ಹೊರಗೆ ಬರುತ್ತದೆ. ಈ ಊರಿನಲ್ಲಿ ಅದು ಚರಂಡಿಗೆ ಹರಿದು ಮುಂದೆ ದನ ನೀರು ಕುಡಿಯುವ ತೊಟ್ಟಿಯ ಬಳಿ ನಿಲ್ಲುತ್ತಿದೆ. ಬಟ್ಟೆ, ಪಾತ್ರೆ, ಶೌಚಾಲಯಕ್ಕೆ ಬಳಸಲು ಪ್ರತ್ಯೇಕ ತೊಟ್ಟಿ ಕಟ್ಟಿದರೆ ನೀರೂ ಉಳಿಯುತ್ತದೆ, ದನಗಳೂ ಉಳಿಯುತ್ತವೆ. ಅಂತರ್ಜಲ ಇಷ್ಟು ಕೆಳಗೆ ಹೋಗಿರುವ ಸೀಮೆಯಲ್ಲಿ ಇದನ್ನು ಸಣ್ಣ ಲೋಪವೆಂದು ನಾನು ಎಣಿಸುವುದಿಲ್ಲ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಈ ಭಾಗದ ಕೆರೆಗಳಿಗೆ ಬಂದು ಮೇಲ್ಮೈ ನೀರೇ ನಲ್ಲಿಗೆ ಸಿಗುವ ದಿನ ಬಂದರೆ ಇಂಥ ಘಟಕದ ಅಗತ್ಯವೇ ಕಡಿಮೆಯಾಗಬಹುದು. ಅಲ್ಲಿಯವರೆಗೆ ಮಕ್ಕಳ ಹಲ್ಲು ಕಾಯುವುದಿಲ್ಲ.

ನಮ್ಮ ಅಳತೆಗಳೆಲ್ಲ ಮಳೆಯ ಆಸುಪಾಸಿನ ತಿಂಗಳುಗಳವು. ಬೇಸಿಗೆಯಲ್ಲಿ ಬೋರಿನ ಮಟ್ಟ ಇಳಿದಾಗ ಕಚ್ಚಾ ನೀರಿನ ಗುಣ ಬದಲಾಗುತ್ತದೆ, ಪೊರೆಯ ಮೇಲಿನ ಹೊರೆ ಹೆಚ್ಚುತ್ತದೆ, ಸಾಲು ಉದ್ದವಾಗುತ್ತದೆ. ಮನೆಗಳು ಎರಡನೆಯ ಕ್ಯಾನನ್ನು ಉಳಿಸಿಕೊಂಡವೇ ಇಲ್ಲವೇ ಎಂಬುದು ಗೊತ್ತಾಗುವುದು ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿಯೇ. ಮನೆವಾರು ರಿಜಿಸ್ಟರನ್ನು ಆಶಾ ಕಾರ್ಯಕರ್ತೆಯ ಬಳಿ ಇಟ್ಟು, ಅದರ ಪ್ರತಿಯನ್ನು ನಮ್ಮ ಕಿರಿಯ ತಂಡಕ್ಕೆ ಒಪ್ಪಿಸಿದ್ದೇವೆ. ಬೇಸಿಗೆಯ ಅಳತೆಯನ್ನು ಅವರು ಅದೇ ಮೀಟರಿನಿಂದ, ಅದೇ ಮನೆಗಳಲ್ಲಿ, ಅಡುಗೆಗೆ ಒಲೆ ಹಚ್ಚುವ ಬೆಳಗಿನ ಹೊತ್ತಿನಲ್ಲಿಯೇ ತೆಗೆದುಕೊಳ್ಳಬೇಕು ಎಂದು ಮೊದಲ ಪುಟದಲ್ಲಿ ಬರೆದಿಟ್ಟಿದ್ದೇವೆ.